ಕ್ಲಿಕ್ ಮಾಡಿದ ಫೋಟೋ ಆಗಲೇ ಲ್ಯಾಪ್‌ಟಾಪ್‌ಗೆ ಬರಬೇಕೆ? ಟೆದರಿಂಗ್ ಹಂತ ಹಂತವಾಗಿ

ಬಳ್ಳಾರಿಯಲ್ಲಿ ಜೀನ್ಸ್ ಕ್ಯಾಟಲಾಗ್ ಫೋಟೋ ತೆಗೆಯುವವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಕ್ಯಾಮೆರಾಕ್ಕೆ ಕೇಬಲ್ ಹಾಕಿದೀನಿ, ಲ್ಯಾಪ್‌ಟಾಪ್‌ಗೂ ಚುಚ್ಚಿದೀನಿ, ಫೋಟೋ ಮಾತ್ರ ಬರ್ತಿಲ್ಲ. ಏನ್ಮಾಡ್ಲಿ?" ರಾಯಚೂರಿನ ಸ್ಟುಡಿಯೋದವರು ಕೇಳುವುದೂ ಇದನ್ನೇ, ಕೊಪ್ಪಳದವರು ಕೇಳುವುದೂ ಇದನ್ನೇ. ಫೋನ್‌ನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿದ್ದೇನೆ. ಕ್ಯಾಮೆರಾ ಪಕ್ಕದಲ್ಲಿಟ್ಟುಕೊಂಡು ಓದಿ.

ಕ್ಲಿಕ್ ಮಾಡಿದ ಫೋಟೋ ಆ ಕ್ಷಣವೇ ಕೇಬಲ್ ಹಿಡಿದು ಕಂಪ್ಯೂಟರಿಗೆ ಬಂದು ಸೇವ್ ಆಗುವುದಕ್ಕೆ ಟೆದರಿಂಗ್ ಅನ್ನುತ್ತಾರೆ. ಎಮ್ಮೆಯನ್ನು ಹಗ್ಗ ಹಾಕಿ ಗೂಟಕ್ಕೆ ಕಟ್ಟುತ್ತೇವಲ್ಲ, ಆ ಪದದ ಮೂಲ ಅರ್ಥ ಅದೇ.

ಇದನ್ನು ಎಚ್‌ಡಿಎಂಐ ಜೊತೆ ಬೆರೆಸಬೇಡಿ. ಮದುವೆ ಮಂಟಪದಲ್ಲಿ ಕ್ಯಾಮೆರಾದಿಂದ ಎಲ್‌ಇಡಿ ಪರದೆಗೆ ಎಳೆಯುವುದು ಎಚ್‌ಡಿಎಂಐ ಕೇಬಲ್. ಅದರಲ್ಲಿ ಹೋಗುವುದು ಬರೀ ಚಿತ್ರ, ಫೈಲ್ ಅಲ್ಲ. ಶೂಟ್ ಮುಗಿದ ಮೇಲೆ ಕಾರ್ಡ್ ತೆಗೆದು ಕಾಪಿ ಮಾಡುವುದೂ ಟೆದರಿಂಗ್ ಅಲ್ಲ. ಟೆದರಿಂಗ್‌ನಲ್ಲಿ ಪೂರ್ತಿ ಸೈಜಿನ ಫೈಲ್ ಒಂದೊಂದಾಗಿ ಬಂದು ನಿಮ್ಮ ಫೋಲ್ಡರಿನಲ್ಲಿ ಕೂರುತ್ತದೆ.

ಇಷ್ಟು ತೊಂದರೆ ಯಾಕೆ ತಗೋಬೇಕು ಅಂದರೆ, ಕ್ಯಾಮೆರಾದ ಹಿಂದಿರುವ ಮೂರು ಇಂಚಿನ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಫೋಕಸ್ ಸ್ವಲ್ಪ ತಪ್ಪಿದ್ದು, ಜೇಬಿನ ಹೊಲಿಗೆಯಿಂದ ದಾರ ನೇತಾಡುತ್ತಿದ್ದದ್ದು, ಸೊಂಟದ ಪಟ್ಟಿ ವಾರೆಯಾಗಿದ್ದದ್ದು ಅಲ್ಲಿ ಗೊತ್ತೇ ಆಗುವುದಿಲ್ಲ. ಇನ್ನೂರು ಪ್ಯಾಂಟ್ ಮುಗಿಸಿ, ಬಂಡಲ್ ಕಟ್ಟಿ, ಲಾರಿಗೆ ಹಾಕಿದ ಮೇಲೆ ತಪ್ಪು ಕಂಡರೆ ಏನು ಮಾಡುತ್ತೀರಿ? ಲ್ಯಾಪ್‌ಟಾಪ್ ಪಕ್ಕದಲ್ಲಿದ್ದರೆ ಮೊದಲನೇ ಪ್ಯಾಂಟಿಗೇ ಗೊತ್ತಾಗುತ್ತದೆ. ಮಾಲು ಯಾರದೋ ಅವರೂ ಪಕ್ಕದಲ್ಲೇ ನಿಂತು ನೋಡಿ, ಅಲ್ಲೇ ಒಪ್ಪಿಗೆ ಕೊಡುತ್ತಾರೆ.

ಬೇಕಾಗುವ ಸಾಮಾನು ಕಡಿಮೆ. ಟೆದರಿಂಗ್ ಸಪೋರ್ಟ್ ಇರುವ ಕ್ಯಾಮೆರಾ, ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್, ಸರಿಯಾದ ಕೇಬಲ್, ಸಾಫ್ಟ್‌ವೇರ್, ಟ್ರೈಪಾಡ್, ಚಾರ್ಜ್ ಆದ ಎರಡು ಬ್ಯಾಟರಿ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್. ಹಳೆಯ ಹಾರ್ಡ್ ಡಿಸ್ಕ್ ಇದ್ದರೂ ಕೆಲಸ ನಡೆಯುತ್ತದೆ, ಫೋಟೋ ತೆರೆಯುವುದು ನಿಧಾನ ಅಷ್ಟೆ.

1. ಮೊದಲು ಕೇಬಲ್ ನೋಡಿ

ನನಗೆ ಬರುವ ದೂರುಗಳಲ್ಲಿ ಜಾಸ್ತಿ ಪಾಲು ಕೊನೆಗೆ ಕೇಬಲ್‌ಗೇ ಬಂದು ನಿಲ್ಲುತ್ತವೆ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಿಮ್ಮ ಕ್ಯಾಮೆರಾದ ಎಡಬದಿಯ ರಬ್ಬರ್ ಮುಚ್ಚಳ ತೆಗೆದು ತೂತಿನ ಆಕಾರ ನೋಡಿ. ಕ್ಯಾನನ್ 1500ಡಿ, 80ಡಿ, 6ಡಿ ಮಾರ್ಕ್ 2 ತರಹದವುಗಳಲ್ಲಿ ಸಣ್ಣ ದಪ್ಪನೆಯ ಮಿನಿ-ಬಿ ತೂತು ಇರುತ್ತದೆ. ಕ್ಯಾನನ್ 5ಡಿ ಮಾರ್ಕ್ 4, ನಿಕಾನ್ ಡಿ850ರಲ್ಲಿ ಎರಡು ತುಂಡು ಸೇರಿಸಿದಂತೆ ಅಗಲವಾಗಿರುವ ಮೈಕ್ರೋ-ಬಿ. ಈಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ನಿಮ್ಮ ಫೋನಿನಲ್ಲಿರುವ ಟೈಪ್-ಸಿ. ಸೋನಿ ಎ7 3ರಲ್ಲಿ ಟೈಪ್-ಸಿ ಒಂದು, ಹಳೆಯ ಮೈಕ್ರೋ ತೂತು ಒಂದು, ಎರಡೂ ಇವೆ. ಅಂಥ ಕಡೆ ಟೈಪ್-ಸಿಯನ್ನೇ ಬಳಸಿ, ಅದು ವೇಗ.

ಈಗ ಮೂರು ಎಚ್ಚರಿಕೆ.

ಮೊದಲನೆಯದು, ಚಾರ್ಜಿಂಗ್ ಕೇಬಲ್. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಕರೆಂಟ್ ಹರಿಯುವ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ನೋಡಲು ಎರಡೂ ಒಂದೇ ತರಹ. ಪರೀಕ್ಷೆ ಸುಲಭ. ಆ ಕೇಬಲ್‌ನಿಂದ ನಿಮ್ಮ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿ. ಫೋಟೋಗಳು ಕಂಡರೆ ಡೇಟಾ ಹೋಗುತ್ತಿದೆ. ಬರೀ ಚಾರ್ಜ್ ಆದರೆ ಆ ಕೇಬಲ್ ಪಕ್ಕಕ್ಕಿಡಿ.

ಎರಡನೆಯದು, ವೇಗ. ಫೋನ್ ಜೊತೆ ಬರುವ ಟೈಪ್-ಸಿ ಕೇಬಲ್‌ಗಳಲ್ಲಿ ಬಹಳಷ್ಟು ಯುಎಸ್‌ಬಿ 2.0 ವೇಗದವು. ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಲೆಕ್ಕದ ಪ್ರಕಾರ 60 ಮೆಗಾಬೈಟ್. ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್, ಅಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೇ ಇಡುವ ದೊಡ್ಡ ಫೈಲ್, ಸುಮಾರು 25ರಿಂದ 30 ಮೆಗಾಬೈಟ್ ಇರುತ್ತದೆ. ಪ್ಯಾಂಟ್ ಮಡಚಿ, ಒಂದು ಕ್ಲಿಕ್ ಮಾಡಿ, ಮತ್ತೊಂದು ಮಡಚುವ ಕೆಲಸಕ್ಕೆ ಆ ವೇಗ ಸಾಕು. ಮಾಡೆಲ್ ನಡೆಯುವಾಗ ಪಟಪಟ ಹೊಡೆಯುವುದಾದರೆ ಫೋಟೋಗಳು ಸಾಲುಗಟ್ಟಿ ನಿಲ್ಲುತ್ತವೆ. ಅಂಥವರು 5 ಗಿಗಾಬಿಟ್ ವೇಗದ ಯುಎಸ್‌ಬಿ 3 ಕೇಬಲ್ ತಗೊಳ್ಳಿ. ಆದರೆ ಕ್ಯಾಮೆರಾ, ಕೇಬಲ್, ಲ್ಯಾಪ್‌ಟಾಪಿನ ತೂತು ಮೂರೂ ಆ ವೇಗದವಾಗಿರಬೇಕು. ಮೂರರಲ್ಲಿ ಒಂದು ನಿಧಾನವಾದರೂ ಎಲ್ಲವೂ ನಿಧಾನ. 1500ಡಿಗೆ ದುಬಾರಿ ಯುಎಸ್‌ಬಿ 3 ಕೇಬಲ್ ತಂದರೆ ಸುಮ್ನೆ ದುಡ್ಡು ದಂಡ, ಆ ಕ್ಯಾಮೆರಾದಲ್ಲೇ 2.0 ಇದೆ.

ಮೂರನೆಯದು, ಉದ್ದ. ಇಲ್ಲಿ ಎಡವುವವರೇ ಜಾಸ್ತಿ. ಯುಎಸ್‌ಬಿ 2.0ಗೆ 5 ಮೀಟರ್, ಯುಎಸ್‌ಬಿ 3ಕ್ಕೆ ಸುಮಾರು 3 ಮೀಟರ್ ದಾಟಿದರೆ ಸಿಗ್ನಲ್ ಸೊರಗುತ್ತದೆ. ನೀರಾವರಿ ಪೈಪ್ ತರಹ ಒಂದಕ್ಕೊಂದು ಜೋಡಿಸಿ ಉದ್ದ ಮಾಡಿದರೆ ಪ್ರತಿ ಜೋಡಣೆಯಲ್ಲೂ ಅಷ್ಟಷ್ಟು ಸೋರಿಹೋಗುತ್ತದೆ. ಜಾಸ್ತಿ ದೂರ ಬೇಕೇ ಬೇಕು ಅಂದರೆ ಆಕ್ಟಿವ್ ಕೇಬಲ್ ಕೇಳಿ. ಅದರೊಳಗೆ ಸಿಗ್ನಲ್ಲನ್ನು ಮತ್ತೆ ಬಲಪಡಿಸುವ ಸಣ್ಣ ಚಿಪ್ ಇರುತ್ತದೆ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಕರಿ ಕೇಬಲ್ ನೆಲದ ಮೇಲೆ ಯಾರಿಗೂ ಕಾಣುವುದಿಲ್ಲ.

2. ಕ್ಯಾಮೆರಾ ಸೆಟ್ಟಿಂಗ್

ಕೇಬಲ್ ಚುಚ್ಚುವ ಮೊದಲೇ ಇವನ್ನು ಮುಗಿಸಿ.

ಆಟೋ ಪವರ್ ಆಫ್ ತೆಗೆಯಿರಿ, ಅಥವಾ ಇರುವುದರಲ್ಲಿ ಅತಿ ಹೆಚ್ಚು ಸಮಯ ಇಡಿ. ಇಲ್ಲದಿದ್ದರೆ ನೀವು ಬಟ್ಟೆ ಇಸ್ತ್ರಿ ಮಾಡುವಷ್ಟರಲ್ಲಿ ಕ್ಯಾಮೆರಾ ಮಲಗಿ, ಲಿಂಕ್ ಕಡಿದುಹೋಗುತ್ತದೆ.

ವೈ-ಫೈ ಆಫ್ ಮಾಡಿ. ಕ್ಯಾನನ್‌ನ ಹಲವು ಮಾಡೆಲ್‌ಗಳಲ್ಲಿ ವೈ-ಫೈ ಆನ್ ಇದ್ದರೆ ಕೇಬಲ್ ಸಂಪರ್ಕ ಕೆಲಸವೇ ಮಾಡುವುದಿಲ್ಲ. ಫೋನಿಗೆ ಫೋಟೋ ಕಳಿಸಲು ಯಾವತ್ತೋ ಆನ್ ಮಾಡಿ ಮರೆತಿರುತ್ತೀರಿ.

ಸೋನಿಯಲ್ಲಿ ಯುಎಸ್‌ಬಿ ಸಂಪರ್ಕವನ್ನು ಪಿಸಿ ರಿಮೋಟ್‌ಗೆ ಬದಲಾಯಿಸಬೇಕು. ಫ್ಯೂಜಿಯಲ್ಲಿ ಕಾರ್ಡ್ ರೀಡರ್ ಅಂತ ಇರುವುದನ್ನು ತೆಗೆದು ಟೆದರ್ ಶೂಟಿಂಗ್ ಆಟೋ ಇಡಬೇಕು. ಹೀಗೆ ಮಾಡದಿದ್ದರೆ ಲ್ಯಾಪ್‌ಟಾಪ್ ನಿಮ್ಮ ಕ್ಯಾಮೆರಾವನ್ನು ಪೆನ್‌ಡ್ರೈವ್ ಅಂದುಕೊಳ್ಳುತ್ತದೆ. ಸೋನಿಯವರಿಗೆ ಇನ್ನೊಂದು ಮಾತು: ಯುಎಸ್‌ಬಿ ಪವರ್ ಸಪ್ಲೈ ಆಫ್ ಮಾಡಿ. ಆನ್ ಇದ್ದರೆ ಕ್ಯಾಮೆರಾ ಲ್ಯಾಪ್‌ಟಾಪಿನಿಂದ ಕರೆಂಟ್ ಹೀರುತ್ತದೆ.

ಫೋಟೋ ಎಲ್ಲಿ ಸೇವ್ ಆಗಬೇಕು ಅನ್ನುವುದು ಈ ಹಂತದಲ್ಲಿ ಅತಿ ಮುಖ್ಯ. ಸೋನಿಯಲ್ಲಿ ಅದು ಕ್ಯಾಮೆರಾ ಮೆನುವಿನಲ್ಲಿ ಸಿಗುತ್ತದೆ, ಕ್ಯಾನನ್‌ನಲ್ಲಿ ಲ್ಯಾಪ್‌ಟಾಪ್‌ಗೆ ಹಾಕುವ ಇಒಎಸ್ ಯುಟಿಲಿಟಿ ಸಾಫ್ಟ್‌ವೇರಿನ ಒಳಗೆ. ಕಂಪ್ಯೂಟರ್ ಮಾತ್ರ ಅಂತ ಇದ್ದರೆ ಬದಲಾಯಿಸಿ, ಕಂಪ್ಯೂಟರ್ ಮತ್ತು ಕಾರ್ಡ್ ಎರಡೂ ಇಡಿ. ಲ್ಯಾಪ್‌ಟಾಪ್ ಕೈಕೊಟ್ಟರೂ ಆ ದಿನದ ದುಡಿಮೆ ಕಾರ್ಡಿನಲ್ಲಿ ಇರುತ್ತದೆ. ಇಬ್ಬರು ಸ್ನೇಹಿತರು ಇದೊಂದನ್ನು ಬಿಟ್ಟು ಇಡೀ ಶೂಟ್ ಮತ್ತೆ ಮಾಡಿದ್ದಾರೆ. ದಯವಿಟ್ಟು ಇದನ್ನು ಮರೆಯಬೇಡಿ.

3. ಲ್ಯಾಪ್‌ಟಾಪ್ ಸೆಟ್ಟಿಂಗ್, ಅದರಲ್ಲೂ ಕರೆಂಟ್ ಹೋದಾಗ

ನಮ್ಮ ಕಡೆಯವರಿಗೆ ಈ ಹಂತ ಹೆಚ್ಚು ಬೇಕು. ಬೇಸಿಗೆ ಮಧ್ಯಾಹ್ನ, ಫ್ಯಾನ್ ನಿಂತಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿದೆ, ಏನೂ ತೊಂದರೆ ಇಲ್ಲ ಅನಿಸುತ್ತದೆ. ಆದರೆ ಕೆಲವು ನಿಮಿಷದಲ್ಲಿ ಫೋಟೋ ಬರುವುದು ನಿಲ್ಲುತ್ತದೆ. ಕಾರಣ ಇಷ್ಟೆ: ವಿಂಡೋಸ್‌ನಲ್ಲಿ ಪ್ಲಗ್ ಹಾಕಿದಾಗ ಒಂದು ಸೆಟ್ಟಿಂಗ್, ಬ್ಯಾಟರಿಯಲ್ಲಿದ್ದಾಗ ಬೇರೆಯೇ ಒಂದು ಸೆಟ್ಟಿಂಗ್ ಇರುತ್ತದೆ. ಪ್ಲಗ್ ತೆಗೆದ ತಕ್ಷಣ ಲ್ಯಾಪ್‌ಟಾಪ್ ಉಳಿತಾಯಕ್ಕೆ ಇಳಿದು, ಸುಮ್ಮನಿರುವ ಯುಎಸ್‌ಬಿ ತೂತುಗಳನ್ನು ಮಲಗಿಸುತ್ತದೆ.

ಹೀಗೆ ಸರಿ ಮಾಡಿ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪವರ್ ಆಪ್ಷನ್ಸ್ ತೆರೆಯಿರಿ. ಈಗಿರುವ ಪ್ಲಾನ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಹುಡುಕಿ. ಆನ್ ಬ್ಯಾಟರಿ, ಪ್ಲಗ್ಡ್ ಇನ್ ಎರಡೂ ಸಾಲಿನಲ್ಲಿ ಡಿಸೇಬಲ್ಡ್ ಮಾಡಿ. ಬರೀ ಒಂದು ಸಾಲು ಬದಲಾಯಿಸಿ ಬಿಡುವವರು ಬಹಳ. ಜೊತೆಗೆ ಸ್ಲೀಪ್ ಅನ್ನು ಎರಡಕ್ಕೂ ನೆವರ್ ಇಡಿ. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು, ಯುಎಸ್‌ಬಿ ರೂಟ್ ಹಬ್ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಪವರ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಶೂಟ್‌ಗೆ ಹೋಗುವ ಮುಂಚೆ ಮನೆಯಲ್ಲೇ ಚಾರ್ಜರ್ ಕಿತ್ತು, ಹತ್ತು ನಿಮಿಷ ಬಿಟ್ಟು, ಒಂದು ಫೋಟೋ ತೆಗೆದು ನೋಡಿ.

ಬಣ್ಣದ ವಿಷಯಕ್ಕೆ ಬಂದರೆ, ನೈಟ್ ಲೈಟ್ ಆಫ್ ಮಾಡಿ. ಸಂಜೆಯಾದ ಮೇಲೆ ಪರದೆಯನ್ನು ಹಳದಿ ಮಾಡುವ ಸೌಲಭ್ಯ ಅದು. ಇಂಡಿಗೋ ಬಣ್ಣದ ಪ್ಯಾಂಟ್ ಪರದೆಯಲ್ಲಿ ಮಾಸಿದಂತೆ ಕಂಡು, ಮಾಲೀಕರು "ಬಣ್ಣ ತಪ್ಪಾಗಿದೆ" ಅನ್ನುತ್ತಾರೆ. ನೀವು ಕ್ಯಾಮೆರಾ ತಿದ್ದಲು ಹೋಗುತ್ತೀರಿ. ತಪ್ಪು ಇರುವುದು ಪರದೆಯಲ್ಲಿ. ಬೆಳಕಿಗೆ ತಕ್ಕಂತೆ ತಾನೇ ಏರಿಳಿಯುವ ಬ್ರೈಟ್‌ನೆಸ್ಸನ್ನೂ ನಿಲ್ಲಿಸಿ. ಮ್ಯಾಕ್ ಇದ್ದರೆ ಟ್ರೂ ಟೋನ್ ಆಫ್ ಇರಲಿ.

4. ಸಾಫ್ಟ್‌ವೇರ್

ದುಡ್ಡು ಕೊಡುವ ಮುಂಚೆ ಕಂಪನಿಯದೇ ಉಚಿತ ಸಾಫ್ಟ್‌ವೇರ್ ನೋಡಿ. ಕ್ಯಾನನ್‌ಗೆ ಇಒಎಸ್ ಯುಟಿಲಿಟಿ, ನಿಕಾನ್‌ಗೆ ಎನ್‌ಎಕ್ಸ್ ಟೆದರ್, ಸೋನಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್. ಎನ್‌ಎಕ್ಸ್ ಟೆದರ್ ಎಲ್ಲ ಹಳೆಯ ನಿಕಾನ್‌ಗಳಿಗೆ ಆಗುವುದಿಲ್ಲ. ಅಂಥವರು ವಿಂಡೋಸ್‌ನಲ್ಲಿ ಡಿಜಿಕ್ಯಾಮ್‌ಕಂಟ್ರೋಲ್ ಹಾಕಿ ನೋಡಿ, ಅದೂ ಉಚಿತ. ಲಿನಕ್ಸ್ ಬಳಸುವವರಿಗೆ ಡಾರ್ಕ್‌ಟೇಬಲ್ ಇದೆ.

ಲೈಟ್‌ರೂಮ್ ಕ್ಲಾಸಿಕ್ ಈಗಾಗಲೇ ಇದ್ದರೆ ಫೈಲ್ ಮೆನುವಿನಲ್ಲಿ ಟೆದರ್ಡ್ ಕ್ಯಾಪ್ಚರ್ ಸಿಗುತ್ತದೆ. ನಿಮ್ಮ ಕ್ಯಾಮೆರಾ ಮಾಡೆಲ್ ಅದರ ಪಟ್ಟಿಯಲ್ಲಿದೆಯೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ದಿನಾ ಪ್ರಾಡಕ್ಟ್ ಶೂಟ್ ಮಾಡುವವರಿಗೆ ಕ್ಯಾಪ್ಚರ್ ಒನ್ ಒಳ್ಳೆಯದು. ಆದರೆ ವರ್ಷಕ್ಕೆ ನಾಲ್ಕು ಶೂಟ್ ಮಾಡುವವರು ಅದಕ್ಕೆ ಖರ್ಚು ಮಾಡಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಂದು ಕ್ಯಾಮೆರಾಕ್ಕೆ ಒಂದು ಸಮಯದಲ್ಲಿ ಒಂದೇ ಸಾಫ್ಟ್‌ವೇರ್. ಕೇಬಲ್ ಹಾಕಿದ ಕೂಡಲೇ ಇಒಎಸ್ ಯುಟಿಲಿಟಿ ತಾನಾಗಿ ತೆರೆದುಕೊಂಡು ಕ್ಯಾಮೆರಾ ಹಿಡಿದುಕೊಳ್ಳುತ್ತದೆ, ಆಮೇಲೆ ಲೈಟ್‌ರೂಮ್ "ಕ್ಯಾಮೆರಾ ಸಿಗುತ್ತಿಲ್ಲ" ಅನ್ನುತ್ತದೆ. ಮ್ಯಾಕ್‌ನಲ್ಲಿ ಫೋಟೋಸ್ ಆ್ಯಪ್ ಇದೇ ಕೆಲಸ ಮಾಡುತ್ತದೆ. ಬೇಡದ್ದನ್ನು ಮುಚ್ಚಿ.

ಶೂಟ್‌ಗೆ ಹೊಸ ಫೋಲ್ಡರ್ ಮಾಡಿ, ದಿನಾಂಕ ಮತ್ತು ಮಾಲಿನ ಹೆಸರು ಇಡಿ. ಫೋಲ್ಡರ್ ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್‌ನಲ್ಲೇ ಇರಲಿ, ಪೆನ್‌ಡ್ರೈವ್‌ನಲ್ಲಿ ಬೇಡ.

5. ಜೋಡಿಸುವ ಕ್ರಮ

ಕ್ಯಾಮೆರಾ ಆಫ್ ಇರಲಿ. ಕೇಬಲ್ ಮೊದಲು ಲ್ಯಾಪ್‌ಟಾಪ್‌ಗೆ, ಆಮೇಲೆ ಕ್ಯಾಮೆರಾಕ್ಕೆ. ಒಂದು ತೂತನ್ನು ಹಲವು ಮಾಡುವ ಹಬ್ ಬೇಡ, ನೇರ ಲ್ಯಾಪ್‌ಟಾಪಿನ ತೂತಿಗೇ ಹಾಕಿ. ಈಗ ಕ್ಯಾಮೆರಾ ಆನ್ ಮಾಡಿ. ಮೊದಲ ಸಲವಾದರೆ ವಿಂಡೋಸ್ ಡ್ರೈವರ್ ಹಾಕಿಕೊಳ್ಳಲು ಅರ್ಧ ನಿಮಿಷ ಬೇಕು, ಆತುರ ಬೇಡ. ಡ್ರೈವರ್ ಅಂದರೆ ಕ್ಯಾಮೆರಾದ ಭಾಷೆಯನ್ನು ಕಂಪ್ಯೂಟರಿಗೆ ತಿಳಿಸುವ ಸಣ್ಣ ಪ್ರೋಗ್ರಾಂ. ಆಮೇಲೆ ಸಾಫ್ಟ್‌ವೇರ್ ತೆರೆದು, ಅದರಲ್ಲಿ ಕ್ಯಾಮೆರಾದ ಹೆಸರು ಕಾಣುತ್ತಿದೆಯೇ ನೋಡಿ. ಕಂಡರೆ ಒಂದು ಕ್ಲಿಕ್ ಮಾಡಿ. ಫೋಟೋ ಫೋಲ್ಡರಿಗೂ ಬಂದಿದೆ, ಕಾರ್ಡಿನಲ್ಲೂ ಇದೆ ಅಂತ ಎರಡೂ ಕಡೆ ತೆರೆದು ನೋಡಿದ ಮೇಲೆಯೇ ಕೆಲಸ ಶುರು ಮಾಡಿ.

6. ಕೇಬಲ್ ಕಟ್ಟಿ

ಎರಡು ವರ್ಷದ ಹಿಂದೆ ಒಂದು ಗೋಡೌನಿನಲ್ಲಿ ಪ್ಯಾಂಟಿನ ಬಂಡಲ್ ಹೊತ್ತು ಬಂದ ಹುಡುಗನ ಕಾಲಿಗೆ ನನ್ನ ಕೇಬಲ್ ಸಿಕ್ಕಿತು. ಕ್ಯಾಮೆರಾ ಬೀಳಲಿಲ್ಲ. ಆದರೆ ಯುಎಸ್‌ಬಿ ತೂತು ಸಡಿಲವಾಗಿ, ರಿಪೇರಿಗೆ ಕೊಡಬೇಕಾಯಿತು. ಹುಡುಗನದು ತಪ್ಪಲ್ಲ, ಕೇಬಲ್ ಕಟ್ಟದೆ ಬಿಟ್ಟ ನನ್ನದೇ ತಪ್ಪು.

ಕೇಬಲ್ಲನ್ನು ಕ್ಯಾಮೆರಾದಿಂದ ಒಂದು ಗೇಣು ಸಡಿಲ ಬಿಟ್ಟು, ಟ್ರೈಪಾಡಿನ ಕಾಲಿಗೆ ವೆಲ್‌ಕ್ರೋ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಲ್ಯಾಪ್‌ಟಾಪ್ ಕಡೆಯೂ ಮೇಜಿನ ಕಾಲಿಗೆ ಹೀಗೇ ಒಂದು ಗಂಟು. ಯಾರಾದರೂ ಎಡವಿದರೆ ಎಳೆತ ಟ್ರೈಪಾಡಿಗೆ ಬೀಳಬೇಕು, ತೂತಿಗೆ ಅಲ್ಲ. ಟ್ರೈಪಾಡಿಗೆ ಮರಳಿನ ಚೀಲ ನೇತುಹಾಕಿ. ನೆಲದ ಮೇಲೆ ಹಾಯುವ ಜಾಗದಲ್ಲಿ ಟೇಪ್ ಹಚ್ಚಿ.

7. ಪರದೆಯಲ್ಲಿ ಏನು ನೋಡಬೇಕು

ಫೋಟೋ ಬಂದಿತು. ಈಗ ಅದನ್ನು ನೂರಕ್ಕೆ ನೂರು ದೊಡ್ಡದು ಮಾಡಿ. ಅಂದರೆ ಫೋಟೋದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್ ಆಗಿ ಕಾಣಬೇಕು. ಇಷ್ಟು ದೂರ ಕೇಬಲ್ ಎಳೆದದ್ದೇ ಇದಕ್ಕಾಗಿ.

ಜೀನ್ಸ್ ಆದರೆ ಮೊದಲು ಬಟ್ಟೆಯ ನೇಯ್ಗೆ ನೋಡಿ. ಅದು ಓರೆ ಗೆರೆಗಳ ನೇಯ್ಗೆ. ಆ ಗೆರೆಗಳು ಕ್ಯಾಮೆರಾ ಸೆನ್ಸರಿನ ಸಾಲುಗಳ ಜೊತೆ ತಾಕಲಾಡಿದರೆ, ತೊಡೆಯ ಭಾಗದಲ್ಲಿ ನೀರಿನ ಅಲೆಯಂಥ ಬಣ್ಣದ ಪಟ್ಟೆಗಳು ಮೂಡುತ್ತವೆ. ಇದಕ್ಕೆ ಮೊಯರೆ ಅನ್ನುತ್ತಾರೆ. ಪರದೆಯಲ್ಲಿ ಚಿಕ್ಕದಾಗಿ ನೋಡಿದಾಗಲೂ ಇಂಥ ಪಟ್ಟೆ ಕಾಣಬಹುದು, ಅದು ಪರದೆಯ ಆಟ. ನೂರಕ್ಕೆ ನೂರು ಮಾಡಿದಾಗಲೂ ಉಳಿದರೆ ಫೋಟೋದಲ್ಲೇ ಇದೆ ಅಂತ ಅರ್ಥ. ಟ್ರೈಪಾಡನ್ನು ಅರ್ಧ ಅಡಿ ಹಿಂದೆಯೋ ಮುಂದೆಯೋ ಸರಿಸಿ, ಮತ್ತೆ ಕ್ಲಿಕ್ ಮಾಡಿ. ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ಆಮೇಲೆ ಜೇಬಿನ ಮೂಲೆಯ ತಾಮ್ರದ ರಿವೆಟ್ ನೋಡಿ. ಅದರ ಮೇಲೆ ಬರೀ ಬಿಳಿ ಚುಕ್ಕೆ ಕಂಡರೆ ಲೈಟನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಕಪ್ಪು ಜೀನ್ಸ್ ಆದರೆ ಹೊಲಿಗೆ ಗೆರೆ ಕತ್ತಲಲ್ಲಿ ಮುಳುಗಿಲ್ಲ ತಾನೇ ಅಂತ ಖಚಿತ ಮಾಡಿಕೊಳ್ಳಿ.

ಕೊಪ್ಪಳದ ಕಿನ್ನಾಳ ಗೊಂಬೆಯ ಫೋಟೋ ತೆಗೆಯುವವರಿಗೆ ಕಷ್ಟ ಬೇರೆ. ಅಲ್ಲಿಯ ಚಿತ್ರಗಾರರು ಹಗುರ ಮರದ ಮೇಲೆ ಹಚ್ಚುವ ಕೆಂಪು ಬಹಳ ಗಾಢ. ಹಿಸ್ಟೋಗ್ರಾಂ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್, ಒಟ್ಟಾರೆ ಸರಿ ಇದ್ದರೂ ಕೆಂಪಿನ ಗೆರೆ ಮಾತ್ರ ಬಲತುದಿಗೆ ಗುದ್ದಿರುತ್ತದೆ. ಆಗ ಸೀರೆಯ ನೆರಿಗೆ ಅಳಿಸಿ ಇಡೀ ಭಾಗ ಒಂದೇ ಕೆಂಪು ಮುದ್ದೆಯಾಗುತ್ತದೆ. ಸಾಫ್ಟ್‌ವೇರಿನಲ್ಲಿ ಮೂರೂ ಬಣ್ಣದ ಹಿಸ್ಟೋಗ್ರಾಂ ಬೇರೆ ಬೇರೆ ನೋಡಿ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಸಾಧ್ಯವಾದರೆ ಗೊಂಬೆ ಮಾಡಿದವರನ್ನೇ ಪಕ್ಕದಲ್ಲಿ ನಿಲ್ಲಿಸಿ ಬಣ್ಣ ಕೇಳಿ, ಅವರ ಕಣ್ಣು ನಮಗಿಂತ ಚುರುಕು. ಸಂಡೂರಿನ ಲಂಬಾಣಿ ಕಸೂತಿ ಆದರೆ ಒಂದೊಂದು ಕನ್ನಡಿಯನ್ನೂ ದೊಡ್ಡದು ಮಾಡಿ ನೋಡಿ. ನಿಮ್ಮ ಅಂಗಿಯೋ ಲೈಟ್ ಸ್ಟ್ಯಾಂಡೋ ಅಲ್ಲಿ ಕಾಣುತ್ತಿರುತ್ತದೆ.

ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್, ಆಟೋದಲ್ಲಿ ಬಿಡಬೇಡಿ. ಮೊದಲ ಫೋಟೋದಲ್ಲಿ ಗ್ರೇ ಕಾರ್ಡ್ ಇಟ್ಟು ಹೊಡೆದು, ಸಾಫ್ಟ್‌ವೇರಿನಲ್ಲಿ ಅದರ ಮೇಲೆ ಒತ್ತಿ, ಆ ಅಳತೆಯನ್ನೇ ಮುಂದಿನ ಎಲ್ಲ ಫೋಟೋಗಳಿಗೂ ಹಾಕಿ. ಗ್ರೇ ಕಾರ್ಡ್ ಅಂದರೆ ಬಣ್ಣದ ಛಾಯೆಯಿಲ್ಲದ ಬೂದು ಹಲಗೆ.

8. ನಡುವೆ ಲಿಂಕ್ ಕಡಿದರೆ

ಗಾಬರಿಯಿಂದ ಕೇಬಲ್ ಕೀಳಬೇಡಿ. ಕ್ಯಾಮೆರಾದ ಮೇಲೆ ಕಾರ್ಡ್ ಬರೆಯುವ ಕೆಂಪು ದೀಪ ಉರಿಯುತ್ತಿದ್ದರೆ ಅದು ಆರುವವರೆಗೆ ಕಾಯಿರಿ. ಆಮೇಲೆ ಈ ಕ್ರಮದಲ್ಲಿ ಹೋಗಿ: ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿ. ಆಗಲಿಲ್ಲವೇ, ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ಇನ್ನೂ ಇಲ್ಲವೇ, ಲ್ಯಾಪ್‌ಟಾಪಿನ ಬೇರೆ ತೂತಿಗೆ ಹಾಕಿ. ಕೊನೆಗೆ ಕೇಬಲ್ ಬದಲಿಸಿ. ಬ್ಯಾಗಿನಲ್ಲಿ ಎರಡನೇ ಕೇಬಲ್ ಇರಲೇಬೇಕು. ಯಾವುದೂ ಆಗದಿದ್ದರೆ ಟೆದರಿಂಗ್ ಬಿಟ್ಟು ಕಾರ್ಡಿಗೇ ಶೂಟ್ ಮುಂದುವರಿಸಿ, ಜನರನ್ನು ಕಾಯಿಸಬೇಡಿ.

ಬ್ಯಾಟರಿ ಕಡಿಮೆಯಾದಾಗಲೂ ಲಿಂಕ್ ಅಲುಗಾಡುತ್ತದೆ. ಲೆನ್ಸ್ ಕಾಣುವುದನ್ನು ಪರದೆಯಲ್ಲಿ ನೇರ ತೋರಿಸುವ ಲೈವ್ ವ್ಯೂ ಇಡೀ ದಿನ ಆನ್ ಇದ್ದರೆ ಬ್ಯಾಟರಿ ಬೇಗ ಖಾಲಿ. ಒಂದೇ ಜಾಗದಲ್ಲಿ ದಿನವಿಡೀ ಕೆಲಸವಾದರೆ ಡಮ್ಮಿ ಬ್ಯಾಟರಿ ತಗೊಳ್ಳಿ. ಅದು ಬ್ಯಾಟರಿಯ ಆಕಾರದಲ್ಲೇ ಇದ್ದು, ಗೋಡೆಯ ಪ್ಲಗ್ಗಿನಿಂದ ಕರೆಂಟ್ ಕೊಡುತ್ತದೆ. ಆದರೆ ಅದನ್ನು ಯುಪಿಎಸ್‌ಗೆ ಹಾಕಿ. ನೇರ ಹಾಕಿದರೆ ಕರೆಂಟ್ ಹೋದಾಗ ಕ್ಯಾಮೆರಾವೂ ಹೋಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಶೂಟ್ ಇದ್ದರೆ ಲ್ಯಾಪ್‌ಟಾಪ್ ನೆರಳಿನಲ್ಲಿರಲಿ, ಅಡಿಗೆ ಗಾಳಿಯಾಡಲು ಎರಡು ಕಟ್ಟಿಗೆ ತುಂಡು ಕೊಡಿ. ಬಿಸಿಯಾದ ಲ್ಯಾಪ್‌ಟಾಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಫೋಟೋ ತೆರೆಯಲು ಹೊತ್ತು ಹಿಡಿಯುತ್ತದೆ.

ವೈ-ಫೈನಲ್ಲಿ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಮಾಡಬಹುದು. ಕುಗ್ಗಿಸಿದ ಸಣ್ಣ ಫೈಲಾದ ಜೆಪೆಗ್ ಮಾತ್ರ ಕಳಿಸಿದರೆ, ಕ್ಯಾಮೆರಾ 5 ಗಿಗಾಹರ್ಟ್ಸ್ ವೈ-ಫೈ ಹಿಡಿಯುವಂಥದ್ದಾದರೆ, ನಡೆಯುತ್ತದೆ. ರಾ ಫೈಲ್ ಕಳಿಸಲು ಬಹಳ ನಿಧಾನ. ನೂರಾರು ಫೋನ್ ಇರುವ ಕಲ್ಯಾಣ ಮಂಟಪದಲ್ಲಿ ನಾನಂತೂ ಅದನ್ನು ನಂಬುವುದಿಲ್ಲ.

9. ಮುಗಿಸುವಾಗ

ಕೊನೆಯ ಫೋಟೋ ಪರದೆಗೆ ಬಂದ ಮೇಲೆ ಸಾಫ್ಟ್‌ವೇರ್ ಮುಚ್ಚಿ, ಕ್ಯಾಮೆರಾ ಆಫ್ ಮಾಡಿ, ಆಮೇಲೆ ಕೇಬಲ್ ತೆಗೆಯಿರಿ. ತಲೆಯನ್ನು ಹಿಡಿದು ನೇರವಾಗಿ ಎಳೆಯಿರಿ, ತಂತಿ ಹಿಡಿದು ಎಳೆಯಬೇಡಿ. ಫೋಲ್ಡರಿನಲ್ಲಿ ಎಷ್ಟು ಫೋಟೋ, ಕಾರ್ಡಿನಲ್ಲಿ ಎಷ್ಟು ಅಂತ ಎಣಿಸಿ. ರಾ ಮತ್ತು ಜೆಪೆಗ್ ಎರಡೂ ಹೊಡೆದಿದ್ದರೆ ಒಂದು ಕಡೆ ಎರಡೂ, ಇನ್ನೊಂದು ಕಡೆ ಒಂದೇ ಇರಬಹುದು, ಅದನ್ನು ಗಮನಿಸಿ. ಎರಡೂ ತಾಳೆಯಾದ ಮೇಲೆ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಕಾರ್ಡನ್ನು ಗಿರಾಕಿಗೆ ಫೋಟೋ ತಲುಪುವವರೆಗೆ ಫಾರ್ಮ್ಯಾಟ್ ಮಾಡಬೇಡಿ. ಕೇಬಲ್ಲನ್ನು ಮೊಣಕೈಗೆ ಸುತ್ತದೆ, ದೊಡ್ಡ ಸುರುಳಿಯಾಗಿ ಸುತ್ತಿಡಿ. ಬಳ್ಳಾರಿಯ ಕೆಂಪು ಧೂಳು ಒಳಗೆ ಹೋಗದ ಹಾಗೆ ಕ್ಯಾಮೆರಾದ ರಬ್ಬರ್ ಮುಚ್ಚಳವನ್ನು ಆಗಲೇ ಒತ್ತಿ ಮುಚ್ಚಿ.